ಕೋಡ್ಲಾದಿಂದ ಕಾಲೇಜಿನ ಹೊಸ್ತಿಲವರೆಗೆ

ಸೇಡಂ ಸೀಮೆಯ ಕೋಡ್ಲಾದಂಥ ಊರುಗಳ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ಬಹುಕಾಲ ಪರಭಾಷೆಯದಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಬೋಧಿಸಿತು. ದೇಶಭಾಷೆಯೊಂದನ್ನು ಆ ಎತ್ತರಕ್ಕೇರಿಸಿದ ಸಾಹಸವನ್ನು ಅಲ್ಲಗಳೆಯಲಾಗದು. ಆದರೆ ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಬಾಲಕನಿಗೆ ಅದೂ ಪರಕೀಯವೇ. ಅಂಥ ಕಾಲದಲ್ಲಿ, 1934ರಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಯನ್ನು ತೆರೆದರು. ಅಕ್ಕಮಹಾದೇವಿಯ ಹೆಸರನ್ನು ಅದಕ್ಕಿಟ್ಟುದು ಆಕಸ್ಮಿಕವಲ್ಲವೆಂದು ನನ್ನೆಣಿಕೆ.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಸಂಸತ್ತು 2012ರಲ್ಲಿ ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಸೇರಿ, ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು.

ಸ್ಥಾನ ದೊರೆತೊಡನೆ ಅಲ್ಲಿ ತನ್ನತನ ದೊರೆಯುವುದೆ? ನನ್ನ ಶಿಷ್ಯನೊಬ್ಬ ಕಾಲೇಜು ಸೇರಿದ ಎರಡನೆಯ ತಿಂಗಳಿಗೇ ಊರಿಗೆ ಮರಳಿದ. ಇಂಗ್ಲಿಷಿನ ಪಾಠ ತಿಳಿಯದೆ, ಕೇಳಿದರೆ ನಕ್ಕಾರೆಂದು ಹಿಂದಿನ ಬೆಂಚಿನಲ್ಲಿ ಬಾಯಿ ಕಟ್ಟಿ ಕುಳಿತಿದ್ದನಂತೆ. ಅವನನ್ನು ಉಚಿತ ಪ್ರಸಾದ ನಿಲಯವೊಂದಕ್ಕೆ ಸೇರಿಸಿದೆವು. ಅಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ರಾತ್ರಿ ಪ್ರಸಾದವಾದ ಮೇಲೆ ಅಂದಂದಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಮರುವರ್ಷ ಇವನೇ ಹೊಸಬರಿಗೆ ಹೇಳತೊಡಗಿದ.