ಪಂದ್ಯಪಥದ ಸುತ್ತು: ಅದರ ಉಗಮವಿಚಾರ

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯನ್ನು, ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಸಾಗುವ ರಸ್ತೆಯು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸಂಧಿಸುತ್ತದೆ. ಕೊಬ್ಬರಿಯ ಲಾರಿ, ಬಸ್ಸು, ಎತ್ತಿನ ಗಾಡಿ, ಪಾದಚಾರಿ, ಇವರೆಲ್ಲರಿಗೂ ಈ ಹಾದಿಗಳ ಮೇಲೆ ಸಮಾನವಾದ ಹಕ್ಕುಂಟು. ತೆಂಗಿನ ತೋಟಗಳ ನಡುವಣ ತಿರುವಿನಾಚೆ ಯಾರಿರುವರೆಂಬುದು ವಾಹನ ನಡೆಸುವವನಿಗೆ ಕಾಣದು. ಮೋಟಾರು ಪಂದ್ಯಗಳ ಚರಿತ್ರೆಯನ್ನು ಅರಿಯುವುದಕ್ಕೆ ಈ ಸಾಮಾನ್ಯ ಸಂಗತಿಯೇ ತಕ್ಕ ಪೀಠಿಕೆಯೆಂದು ನಾವು ಭಾವಿಸುತ್ತೇವೆ. ಏಕೆಂದರೆ ಯೂರೋಪಿನ ಮೊದಮೊದಲ ಪಂದ್ಯಗಳು ಊರಿನಿಂದ ಊರಿಗೆ, ಇಂತಹ ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆದುವು.

1903ರ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯದಲ್ಲಿ ಚಾಲಕರೂ ಪ್ರೇಕ್ಷಕರೂ ಮಡಿದರು. ಮೃತರಲ್ಲಿ ಮಾರ್ಸೆಲ್ ರೆನೋ ಒಬ್ಬನು. ಪಂದ್ಯವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಲಾಯಿತು. ಅದರ ಹಿಂದಿನ ವರ್ಷವೇ ಬೆಲ್ಜಿಯಂ ದೇಶದ ಆರ್ಡೆನ್ ಪ್ರದೇಶದಲ್ಲಿ ಸುಮಾರು 85 ಕಿಲೋಮೀಟರಿನ ಸುತ್ತನ್ನು ಆರು ಸಲ ಕ್ರಮಿಸುವ ಪಂದ್ಯ ನಡೆದಿತ್ತು. 1903ರ ದುರಂತದ ತರುವಾಯ ಇಂತಹ ಸುತ್ತುಹಾದಿಯೇ ಕ್ರಮವಾಗಿ ರೂಢಿಯಾಯಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಪಂದ್ಯಕ್ಕೆಂದೇ ಪಥವೊಂದನ್ನು ಕಟ್ಟಲಾಯಿತು.

ಎರಡನೆಯ ಮಹಾಯುದ್ಧದ ಅನಂತರ ಬರಿದಾದ ವಿಮಾನನೆಲೆಗಳು ಈ ಕಾರ್ಯಕ್ಕೆ ಒದಗಿದುವು. 1948ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಹೀಗೆ ಪಂದ್ಯಪಥವಾಯಿತು. ದಕ್ಷಿಣ ಭಾರತದಲ್ಲಿ ಮದರಾಸಿನ ಉತ್ತರಕ್ಕಿರುವ ಷೋಲಾವರದ ವಿಮಾನದಾರಿಯೂ ಇದೇ ಮಾರ್ಗ ಹಿಡಿಯಿತು. ಅಲ್ಲಿ ಪಂದ್ಯಗಳನ್ನು ನಡೆಸಿದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1953ರಲ್ಲಿ ಸ್ಥಾಪಿತವಾದುದು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರಿನ ಶಾಶ್ವತ ಪಥವು ತೆರೆಯಿತು.

ಸುತ್ತಿನ ವಿಶೇಷವು ವೇಗವೊಂದರಲ್ಲಿಯೇ ಇಲ್ಲ. ತಿರುವು ಬರುವ ಮುನ್ನ ಚಾಲಕನು ನೇರದಾರಿಯಲ್ಲಿಯೇ ಬ್ರೇಕು ಒತ್ತುತ್ತಾನೆ. ಆಗ ಕಾರಿನ ಭಾರವು ಮುಂದಿನ ಗಾಲಿಗಳ ಕಡೆಗೆ ಸರಿದು ಅವುಗಳ ಹಿಡಿತ ಹೆಚ್ಚುತ್ತದೆ. ಪಥದ ಹೊರ ಅಂಚಿನಿಂದ ಹೊರಳಿ, ಒಳ ಅಂಚನ್ನು ಸವರಿ, ಮರಳಿ ಹೊರ ಅಂಚಿಗೆ ಬಂದರೆ ತಿರುವಿನ ಬಾಗು ಸಡಿಲವಾಗಿ ವೇಗ ಉಳಿಯುತ್ತದೆ. ಪಥದ ಅಗಲವೆಲ್ಲವೂ ಅವನದಾದುದರಿಂದ, ಎದುರಿನಿಂದ ಯಾರೂ ಬಾರದುದರಿಂದ ಮಾತ್ರ ಇದು ಸಾಧ್ಯ. ಮೊದಲ ಸುತ್ತಿನಲ್ಲಿ ತಡವಾಗಿ ಬ್ರೇಕು ಒತ್ತಿದವನು ಮರುಸುತ್ತಿನಲ್ಲಿ ಅದೇ ತಿರುವಿನಲ್ಲಿ ತಿದ್ದಿಕೊಳ್ಳಬಲ್ಲನು.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000ದಂತಹ ರ‍್ಯಾಲಿಗಳಲ್ಲಿ ಕ್ರಮವು ಬೇರೆ. ಅಲ್ಲಿ ತಿರುವುಗಳು ಸುತ್ತುಸುತ್ತಿಗೂ ಮರಳಿ ಬರುವುದಿಲ್ಲ. ಸುತ್ತಿನ ನೆನಪು ಮಾಡುವ ಕೆಲಸವನ್ನು, ಪಕ್ಕದಲ್ಲಿ ಕುಳಿತ ಸಹಚಾಲಕನು ಓದಿ ಹೇಳುವ ಟಿಪ್ಪಣಿಯು ಮಾಡುತ್ತದೆ. ಆದರೂ ವೇಗಸ್ಪರ್ಧೆ ನಡೆಯುವ ಭಾಗಗಳನ್ನು ಇತರ ಸಂಚಾರಕ್ಕೆ ಮುಚ್ಚುವುದು ಅಲ್ಲಿಯೂ ಅನಿವಾರ್ಯ.

ಆದುದರಿಂದ ಪಂದ್ಯಪಥವನ್ನು ಕೇವಲ ವೇಗದ ಸ್ಮಾರಕವೆಂದು ಎಣಿಸುವುದು ಅಸಮರ್ಪಕ. ದಾರಿಹೋಕನ ಪ್ರಾಣವನ್ನು ಪಣಕ್ಕೆ ಒಡ್ಡಬಾರದೆಂಬ ನಿರ್ಣಯದ ಕುರುಹೂ ಅದರಲ್ಲಿದೆ. ಸಂತೆಗೆ ನಡೆದುಹೋಗುವವನಿಗೆ ಆ ಪಣದಲ್ಲಿ ಪಾಲಿಲ್ಲ. ತಿಪಟೂರಿನ ಹೆದ್ದಾರಿಯಲ್ಲಿ ಪಂದ್ಯದ ಕೌಶಲವನ್ನು ಮೆರೆಯಿಸಲು ಹೊರಡುವವನು 1903ರ ಪಾಠವನ್ನು ಮರೆತವನೇ ಸರಿ.