ಯುಎಕ್ಸ್ ವಿನ್ಯಾಸಕರ ತರಬೇತಿ ಮತ್ತು ಕೂಟಗಳು, ಬೆಂಗಳೂರು

ಆ್ಯಪ್, ಜಾಲತಾಣ, ಟಿಕೆಟ್ ಯಂತ್ರಗಳಂಥವು ಬಳಸುವವರಿಗೆ ತೊಡಕಾಗದಂತೆ ರೂಪಿಸುವವರು ಯುಎಕ್ಸ್ ವಿನ್ಯಾಸಕರು. ಬೆಂಗಳೂರಿನಲ್ಲಿ ಇವರಿಗೆ ಕ್ರಮಬದ್ಧ ಶಿಕ್ಷಣ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಳೀಯ ಕ್ಯಾಂಪಸ್‌ನಲ್ಲಿ ಮತ್ತು 1996ರಲ್ಲಿ ಸ್ಥಾಪನೆಯಾದ ಸೃಷ್ಟಿ ವಿನ್ಯಾಸ ಸಂಸ್ಥೆಯಲ್ಲಿ ದೊರೆಯುತ್ತದೆ. ಬೇರೆ ವೃತ್ತಿಯಿಂದ ಬಂದವರು ವಾರಾಂತ್ಯದ ಖಾಸಗಿ ಕೋರ್ಸುಗಳನ್ನು ನೆಚ್ಚುತ್ತಾರೆ; ಇವುಗಳ ಗುಣಮಟ್ಟ ಏಕರೂಪವಲ್ಲ. ಪ್ರಮಾಣಪತ್ರಕ್ಕಿಂತ ಅಭ್ಯರ್ಥಿಯ ಕೆಲಸದ ಮಾದರಿಗಳೇ ನೇಮಕಾತಿಯಲ್ಲಿ ಹೆಚ್ಚು ತೂಗುತ್ತವೆ.

ಕೂಟಗಳು ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪನಿಗಳ ಸಭಾಂಗಣಗಳಲ್ಲಿ, ಸಂಜೆ ಅಥವಾ ಶನಿವಾರ ಸೇರುತ್ತವೆ. ಒಂದೆರಡು ಭಾಷಣ, ಮಾದರಿಗಳ ವಿಮರ್ಶೆ, ಆಮೇಲೆ ಚಹಾ. ಕೆಲಸದ ಸುದ್ದಿ ಹರಿದಾಡುವುದು ಹೆಚ್ಚಾಗಿ ಈ ಚಹಾದ ಹೊತ್ತಿನಲ್ಲೇ. ಇವಲ್ಲದೆ ದೊಡ್ಡ ಸಂದರ್ಭಗಳೂ ಇವೆ: 2005ರಲ್ಲಿ ಆರಂಭವಾದ ವಿಶ್ವ ಬಳಕೆಯೋಗ್ಯತಾ ದಿನ ನವೆಂಬರ್ ತಿಂಗಳ ಎರಡನೇ ಗುರುವಾರ ಬರುತ್ತದೆ. ವಿನ್ಯಾಸಕರ ಡಿಸೈನ್‌ಅಪ್ ಸಮ್ಮೇಳನ 2016ರಿಂದ ಇಲ್ಲಿ ನಡೆದಿದೆ. ಸ್ಥಳೀಯ ಗುಂಪುಗಳಿಗೆ ಹೆಸರಾಗಿದ್ದ ಅಂತಾರಾಷ್ಟ್ರೀಯ ಇಂಟರ್‌ಆ್ಯಕ್ಷನ್ ಡಿಸೈನ್ ಅಸೋಸಿಯೇಷನ್ 2024ರಲ್ಲಿ ಮುಚ್ಚಿತು.

ಕೂಟಗಳ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲೇ. ಕನ್ನಡದ ಒತ್ತಕ್ಷರಗಳು ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುವುದು, ಉದ್ದದ ಪದಗಳು ಪರದೆ ಮೀರುವುದು ಮುಂತಾದ ಸಮಸ್ಯೆಗಳು ಇಲ್ಲಿ ಇನ್ನೂ ಹೆಚ್ಚು ಜಾಗ ಬೇಡುವ ವಿಷಯಗಳು.