ಅಂಗವಿಕಲರ ಆರೋಗ್ಯಸೇವೆ: ಏರ್ಪಾಡು ಮತ್ತು ವೆಚ್ಚ (ಅಗಸೂರು, ಅಂಕೋಲಾ, ಕಾರವಾರ)

ಅಂಗವಿಕಲರಿಗೆ ನೆರವು ನೀಡುವುದು ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರಾಜ್ಯದ ಹೊಣೆ. ಕಾಯಿದೆ ಮಾಡಿದ್ದು ಮಾತ್ರ ಕೇಂದ್ರ: ಮೊದಲು 1995ರಲ್ಲಿ, ಮತ್ತೆ 2016ರಲ್ಲಿ. ಎರಡನೆಯ ಕಾಯಿದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು; ಗ್ರಾಮೀಣ ಭಾಗದಲ್ಲಿ, ಮನೆಗೆ ಹತ್ತಿರದಲ್ಲೇ, ಕುಟುಂಬದ ಆದಾಯಕ್ಕೆ ಅನುಗುಣವಾಗಿ ಉಚಿತ ಚಿಕಿತ್ಸೆ ಒದಗಿಸಬೇಕೆಂದು 25ನೆಯ ಕಲಮಿನಲ್ಲಿ ಹೇಳಿತು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಅಗಸೂರಿನಂಥ ಊರಿನಿಂದ ನೋಡಿದರೆ ಈ ‘ಹತ್ತಿರ’ ಎಂಬುದೇ ಇಡೀ ಚರಿತ್ರೆಯ ತೊಡಕಿನ ಗಂಟು. ಯೋಜನೆಗಳಿಗೆ ಇಲ್ಲಿ ಬರವಿರಲಿಲ್ಲ. ಆದರೆ ಅವು ಆಸ್ಪತ್ರೆಗೆ ದಾಖಲಾದವರ ಬಿಲ್ಲು ತೀರಿಸಿದಷ್ಟು ಸಲೀಸಾಗಿ, ಮನೆಯಲ್ಲೇ ವರ್ಷಗಟ್ಟಲೆ ಆರೈಕೆ ಬೇಕಾದವರ ಖರ್ಚನ್ನು ಹೊರಲಿಲ್ಲ.

ವಿಮೆಯ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. 2003ರ ಯಶಸ್ವಿನಿ ಸಹಕಾರ ಸಂಘಗಳ ಸದಸ್ಯರ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ್ದು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಕೊಟ್ಟಿತು. ಇಷ್ಟಿರುವಾಗ ಅಂಗವಿಕಲರಿಗೆ ಬೇರೆ ಏರ್ಪಾಡು ಏಕೆ ಎಂಬ ಆಕ್ಷೇಪ ಸಹಜವೇ. ಆದರೆ ಮಿದುಳು ಪಾರ್ಶ್ವವಾಯುವಿನ ಮಗುವಿಗೆ ಬೇಕಾದದ್ದು ವಾರವಾರದ ಫಿಸಿಯೋಥೆರಪಿ, ತಪ್ಪದೆ ಮೂರ್ಛೆಯ ಮಾತ್ರೆ, ಜೊತೆಗೊಬ್ಬರು. ಇವು ಯಾವ ಶಸ್ತ್ರಚಿಕಿತ್ಸೆಯ ಪ್ಯಾಕೇಜಿನಲ್ಲೂ ಬರುವುದಿಲ್ಲ. ಈ ಕೊರತೆಯನ್ನು ಗುರುತಿಸಿದ್ದು ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ. ಆಟಿಸಂ, ಮಿದುಳು ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಹೊರರೋಗಿ ಚಿಕಿತ್ಸೆ, ಥೆರಪಿ, ಪ್ರಯಾಣವೆಚ್ಚ ಸೇರಿ. ಆದರೆ ಸಾಮಾನ್ಯವಾಗಿ ಮೊದಲು ಕೈಯಿಂದ ಹಣ ಕಟ್ಟಿ, ಆಮೇಲೆ ಬಿಲ್ಲು ಕಳಿಸಿ ಕಾಯಬೇಕು. ದಿನಗೂಲಿಯ ಮನೆಗೆ ಅದು ಅರ್ಧ ಬಾಗಿಲು ತೆರೆದಂತೆ. ಅಂಗವಿಕಲರಿಗೆಂದೇ ಬಂದ 2015ರ ಸ್ವಾವಲಂಬನ ವಿಮೆಯಂತೂ ಬಹುಕಾಲ ಉಳಿಯಲಿಲ್ಲ.

ದೂರವೂ ವೆಚ್ಚವೇ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಅದಕ್ಕೆ ಮೊದಲೂ ಆಮೇಲೂ ಕಠಿಣ ಪ್ರಕರಣಗಳು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಲಿಮ್‌ನ ಸರ್ಕಾರಿ ಆಸ್ಪತ್ರೆಗೋ ಹೋಗುತ್ತಲೇ ಇವೆ. 2018ರ ಜನವರಿಯಿಂದ ಗೋವಾ ಸರ್ಕಾರ ಹೊರರಾಜ್ಯದವರಿಗೆ ಶುಲ್ಕ ವಿಧಿಸಿದಾಗ ಕಾರವಾರದವರ ಹಳೆಯ ಆಸರೆಯೊಂದು ತುಟ್ಟಿಯಾಯಿತು. 2022ರ ಜುಲೈನಲ್ಲಿ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಹೊನ್ನಾವರದ ಆಂಬುಲೆನ್ಸ್ ಪಲ್ಟಿಯಾದ ಮೇಲೆ ಸುಸಜ್ಜಿತ ಆಸ್ಪತ್ರೆಯ ಕೂಗು ಉತ್ತರ ಕನ್ನಡ ಜಿಲ್ಲೆಯಲ್ಲೆಲ್ಲ ಎದ್ದಿತು. ಕೂಗು ನ್ಯಾಯವಾದದ್ದು, ಆದರೆ ಅದು ತುರ್ತುಚಿಕಿತ್ಸೆಯ ಸುತ್ತಲೇ ನಿಂತಿತು; ಪುನರ್ವಸತಿಯ ಮಾತು ಅದರಲ್ಲಿ ಮುಳುಗಿಹೋಯಿತು. ಹಳ್ಳಿಯ ಮಟ್ಟದಲ್ಲಿ ಉಳಿದದ್ದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ಅಂಗವಿಕಲರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುವ ಗೌರವಧನದ ಹುದ್ದೆ) ಮತ್ತು ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಅಂಗವಿಕಲರಿಗೆ ತೆಗೆದಿಡಬೇಕಾದ ಶೇ 5. ವರಮಾನವೇ ಕಡಿಮೆಯಿರುವ ಪಂಚಾಯಿತಿಯಲ್ಲಿ ಶೇ 5 ಎಂದರೆ ಎಷ್ಟಾದೀತು?

ಈ ಚರಿತ್ರೆಯಲ್ಲಿ ಹೆಚ್ಚು ವಿವಾದಕ್ಕೊಳಗಾದ ಭಾಗ ಎಂಡೋಸಲ್ಫಾನ್‌ನದು. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಈ ಕೀಟನಾಶಕದ ಬಾಧಿತರು ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಇರುವಂತೆ ಉತ್ತರ ಕನ್ನಡದ ಕರಾವಳಿ ತಾಲ್ಲೂಕುಗಳಲ್ಲೂ ಇದ್ದಾರೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಅದನ್ನು ದೇಶಾದ್ಯಂತ ತಡೆಯಿತು. ಬಳಿಕ ರಾಜ್ಯ ಹೈಕೋರ್ಟಿನ ಸಾರ್ವಜನಿಕ ಹಿತಾಸಕ್ತಿ ಪ್ರಕರಣದ ಒತ್ತಡದಲ್ಲಿ ಶೇ 60ಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ತಿಂಗಳಿಗೆ 3,000, ಶೇ 25ರಿಂದ 60ರವರೆಗಿನವರಿಗೆ 1,500 ರೂಪಾಯಿ ಮಾಸಾಶನ, ಉಚಿತ ಚಿಕಿತ್ಸೆ, ಸಂಚಾರಿ ಆರೋಗ್ಯ ಘಟಕ ಬಂದವು. ಉಳಿದ ಸವಲತ್ತುಗಳಿಗೆ ಸಾಮಾನ್ಯವಾಗಿ ಶೇ 40 ಇರಲೇಬೇಕು. ಇಲ್ಲಿ ಶೇ 25 ಸಾಕಾಯಿತು. ಯಾವ ಕಾಯಿಲೆ ವಿಷದಿಂದ ಬಂತು, ಯಾವುದು ಹುಟ್ಟಿನಿಂದ ಬಂತು ಎಂಬ ವೈಜ್ಞಾನಿಕ ತಕರಾರು ಮಾತ್ರ ಇನ್ನೂ ತೀರಿಲ್ಲ. ವಿಷ ಉಣಿಸಿದ್ದು ಸರ್ಕಾರದ್ದೇ ನಿಗಮ, ಆದ್ದರಿಂದ ಪರಿಹಾರ ಬೇರೆ, ಕಲ್ಯಾಣ ಬೇರೆ ಎಂಬ ವಾದಕ್ಕೆ ತೂಕವಿದೆ. ನಷ್ಟಪರಿಹಾರದ ಹಣಕ್ಕೆ ಅದು ಒಪ್ಪುವ ಮಾತು. ಮನೆಬಾಗಿಲಿಗೆ ಬರುವ ವೈದ್ಯಕೀಯ ಘಟಕಕ್ಕೆ ಒಪ್ಪುವುದಿಲ್ಲ: ಸೆಟೆದ ಕೈಕಾಲಿಗೆ ಬೇಕಾದ ವ್ಯಾಯಾಮ ಕಾರಣ ಯಾವುದಾದರೂ ಒಂದೇ. ಅಗತ್ಯದ ಬದಲು ಕಾರಣವನ್ನು ಅಳೆದು ಸೇವೆ ಹಂಚಿದ್ದು ಈ ಏರ್ಪಾಡಿನ ದೋಷ. ಆದರೂ 25ನೆಯ ಕಲಮು ಹೇಳಿದ ‘ಹತ್ತಿರದ ಚಿಕಿತ್ಸೆ’ಗೆ ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಸಮೀಪ ಬಂದದ್ದು ಅದೇ.